ನಿನ್ನ ಕಾರಿಗೆ ನೀನು ಹಾಕದ ಆಯಿಲ್

ವೃಷಭನಿಗೆ,

ಹಿಂದೆ ಒಂದು ‘ಪ್ರೀತಿಯ’, ಮುಂದೆ ಒಂದು ‘ಅಣ್ಣ’ ಸೇರಿಸಲು ನೋಡಿದೆ. ಆಗಲಿಲ್ಲ. ಬರಿ ಹೆಸರು ಸಾಕು.

ದಶಲಕ್ಷಣ ಪರ್ವ ಮುಗಿದ ಮೇಲೆ ನಿನ್ನ ಕ್ಷಮಾವಾಣಿಯ ಸಂದೇಶ ನನ್ನ ಮೊಬೈಲಿಗೂ ಬಂತು. ಜೋಡಿಸಿದ ಕೈಗಳ ಚಿತ್ರ, ಕೆಳಗೆ ಅಂಗಡಿಯ ಹೆಸರು, ‘ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸಿಗೆ ನೋವು ಮಾಡಿದ್ದರೆ ಕ್ಷಮಿಸಿ’ ಎಂಬ ಸಾಲು. ಗೋಕಾಕದ ಗಿರಾಕಿಗಳಿಗೆಲ್ಲ ಕಳಿಸಿದ್ದನ್ನೇ ತಂಗಿಗೂ ಕಳಿಸಿದ್ದೀಯ. ಉತ್ತರವನ್ನು ಮಾತ್ರ ನಾನು ಕಾಗದದ ಮೇಲೆ ಬರೆಯುತ್ತಿದ್ದೇನೆ, ಇದು ನಿನಗೊಬ್ಬನಿಗೇ ಇರುವುದರಿಂದ. ನಾನು ಕ್ಷಮಿಸಿಲ್ಲ. ನೀನು ತಿಳಿಯದೆ ಮಾಡಿದ್ದರೆ ಕೇಳುವ ಮೊದಲೇ ಕ್ಷಮಿಸಿಬಿಡುತ್ತಿದ್ದೆ. ನಿನಗೆ ಎಲ್ಲ ತಿಳಿದಿತ್ತು.

ಹುಕ್ಕೇರಿಯ ಸಂಸಾರ ಮುರಿದು ನಾನು ತವರಿಗೆ ಬಂದಾಗ ಅಪ್ಪ ಒಂದೂ ಪ್ರಶ್ನೆ ಕೇಳಲಿಲ್ಲ. ಮರುದಿನ ಅಂಗಡಿಗೆ ಕರೆದುಕೊಂಡು ಹೋಗಿ ಗಲ್ಲಾಪೆಟ್ಟಿಗೆಯ ಬಾಜೂ ಕೂರಿಸಿದ. ಇಂಜಿನ್ ಆಯಿಲ್ ಡಬ್ಬಿಯೊಂದನ್ನು ಕೈಗೆ ಕೊಟ್ಟು, “ಮುಂದಿನ ಬಣ್ಣಾ ನೋಡಬ್ಯಾಡವ್ವಾ, ಹಿಂದಿನ ಸಣ್ಣ ಅಕ್ಷರ ಓದು” ಅಂದ. ನಾನು ಓದಿದೆ. ಅಕ್ಕಪಕ್ಕ ಇಟ್ಟ ಎರಡು ಡಬ್ಬಿಗಳ ಮೇಲೂ ಸಿಂಥೆಟಿಕ್ ಎಂದೇ ಇರುತ್ತದೆ, ದಪ್ಪ ತೆಳುವಿನ ಗ್ರೇಡೂ ಒಂದೇ ಇರುತ್ತದೆ. ಆದರೆ ಒಂದರ ಮೇಲೆ ‘ಇಂಥ ಕಂಪನಿಯ ಗಾಡಿಗಳಿಗೆ ತಕ್ಕದ್ದು’ ಎಂದಿದ್ದರೆ, ಇನ್ನೊಂದರ ಮೇಲೆ ‘ಇಂಥ ಕಂಪನಿಯ ಒಪ್ಪಿಗೆ ಪಡೆದದ್ದು’ ಎಂದಿರುತ್ತದೆ. ಮೊದಲನೆಯದು ಮಾರುವವನು ತಾನೇ ಆಡಿಕೊಂಡ ಮಾತು. ಎರಡನೆಯದಕ್ಕೆ ಆಯಿಲನ್ನು ಗಾಡಿ ಕಂಪನಿಗೆ ಕೊಟ್ಟು, ಇಂಜಿನ್ನಿನಲ್ಲಿ ಓಡಿಸಿ, ಪಾಸಾಗಿ, ಒಪ್ಪಿಗೆಯ ನಂಬರು ಪಡೆಯಬೇಕು. ಗಿರಾಕಿಗಳ ಮುಂದೆ ಎರಡನ್ನೂ ಇಟ್ಟು ನಾನು ಇದನ್ನು ಹೇಳುತ್ತಿದ್ದೆ. ನೀನು ನಗುತ್ತಿದ್ದೆ. ನನಗೆ ‘ಲೇಬಲ್ ಬಾಯಿ’ ಎಂದು ಹೆಸರಿಟ್ಟವನೂ ನೀನೇ. ಆಗ ಅದು ಚೇಷ್ಟೆ, ನನಗೂ ನಗು ಬರುತ್ತಿತ್ತು.

ಅಪ್ಪ ಹೋದ. ವರುಷ ತುಂಬುವ ಮೊದಲೇ ನೀನು ಎಲ್ಲಿಂದಲೋ ಡ್ರಮ್ಮುಗಳಲ್ಲಿ ಆಯಿಲ್ ತರಿಸಿ ನಮ್ಮದೇ ಡಬ್ಬಿಗೆ ತುಂಬಿಸತೊಡಗಿದೆ. ಡಬ್ಬಿಯ ಮೇಲೆ ಅಪ್ಪನ ಫೋಟೋ. ಹಿಂದೆ ದೊಡ್ಡ ದೊಡ್ಡ ಗಾಡಿ ಕಂಪನಿಗಳ ಹೆಸರು, ಎಲ್ಲರ ಒಪ್ಪಿಗೆ ಇದೆ ಎಂಬ ಸಾಲು. ನಂಬರು ಮಾತ್ರ ಇಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ನೀನು, “ಒಪ್ಪಿಗಿ ಅಂದ್ರೇನ, ಮೂರ ಅಕ್ಷರ. ಛಾಪಿಸಿದ್ರ ಆತು” ಅಂದೆ. ನಾನೇ ಒಂದು ಗಾಡಿ ಕಂಪನಿಯ ಕಚೇರಿಗೆ ಫೋನು ಮಾಡಿ ವಿಚಾರಿಸಿದೆ. ಇಂಥ ಆಯಿಲ್ ನಮ್ಮಲ್ಲಿ ಪರೀಕ್ಷೆಗೇ ಬಂದಿಲ್ಲ ಎಂದರು. ಅದನ್ನು ನಿನಗೆ ಹೇಳಿದ ದಿನದಿಂದ ನನ್ನ ಕುರ್ಚಿ ಗೋದಾಮಿಗೆ ಹೋಯಿತು.

ಕಲ್ಲೋಳಿಯ ಸಂತೆಯ ದಿನ ಟ್ರ್ಯಾಕ್ಟರಿನವರನ್ನೂ ಪಿಕಪ್ ಗಾಡಿಯವರನ್ನೂ ಸೇರಿಸಿ ನೀನು ಆಟ ತೋರಿಸಿದೆ. ತಿರುಗುವ ಚಕ್ರದ ಮೇಲೆ ಉಕ್ಕಿನ ತುಂಡನ್ನು ಒತ್ತುವ ಸಣ್ಣ ಯಂತ್ರ. ಹೆಸರಾಂತ ಆಯಿಲ್ ಹಾಕಿದಾಗ ತುಂಡು ಕಿರ್ ಎಂದು ಸವೆಯಿತು. ನಿನ್ನದನ್ನು ಹಾಕಿದಾಗ ಸದ್ದೇ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಆ ಯಂತ್ರದಲ್ಲಿ ಗೆಲ್ಲುವಂಥ ರಾಸಾಯನಿಕ ಔಷಧವನ್ನು ಆಯಿಲಿಗೆ ಬೆರೆಸುವುದು ಸುಲಭ, ಅದೇ ಔಷಧ ನಿಜವಾದ ಇಂಜಿನ್ನನ್ನು ಒಳಗಿಂದ ತಿನ್ನಬಹುದು ಎಂದು ಅಪ್ಪ ನಮ್ಮಿಬ್ಬರಿಗೂ ಹೇಳಿದ್ದ. ಅಂಥದೇ ಯಂತ್ರ ತಂದವನೊಬ್ಬನನ್ನು ಅವನು ಅಂಗಡಿಯ ಮೆಟ್ಟಿಲು ಹತ್ತಲು ಬಿಟ್ಟಿರಲಿಲ್ಲ. ನೀನೂ ಅಲ್ಲೇ ನಿಂತಿದ್ದೆ.

ಕಲ್ಲೋಳಿಯ ಆ ಗುಂಪಿನಲ್ಲಿ ಘೋಡಗೇರಿಯ ಸಿದ್ರಾಯ ಇದ್ದ. ಕುರಿ ಕಾಯುವ ಮನೆತನ. ಊರೂರಿನ ಕುರಿಗಳನ್ನು ಸಂತೆಗೆ ಸಾಗಿಸಲು ಅಣ್ಣತಮ್ಮಂದಿರು ಕೂಡಿ ಹೊಸ ಪಿಕಪ್ ಕೊಂಡಿದ್ದರು. ಅವನು ಅಂಗಡಿಗೆ ಬಂದು ನಿನ್ನನ್ನು ಕೇಳಿದ ಮಾತು ಗೋದಾಮಿನ ಬಾಗಿಲಲ್ಲಿದ್ದ ನನಗೆ ಕೇಳಿಸಿತು. “ಸಾವಕಾರ್ರ, ಇದನ್ನ ಹಾಕಿದ್ರ ಕಂಪನಿ ಗ್ಯಾರಂಟಿ ಹೋಗೂದಿಲ್ಲಲ್ರಿ?” ನೀನು ಡಬ್ಬಿಯ ಮೇಲಿನ ಅಪ್ಪನ ಮುಖವನ್ನು ಬೆರಳಿನಿಂದ ಮುಟ್ಟಿ, “ನಮ್ಮಪ್ಪನ ಆಣಿ” ಅಂದೆ. ನಾನು ಮುಂದೆ ಬಂದು, ಅದು ಬೇಡ, ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿಸಿಕೊಳ್ಳಿ ಅಂದೆ. ಸಿದ್ರಾಯ ನನ್ನ ಮುಖ ನೋಡಿದ, ನಿನ್ನ ಮುಖ ನೋಡಿದ, ಅಪ್ಪನ ಫೋಟೋ ನೋಡಿದ. ಫೋಟೋವನ್ನು ನಂಬಿದ.

ಬೇಸಿಗೆಯಲ್ಲಿ ಮೂಡಲಗಿಯ ದಾರಿಯಲ್ಲಿ, ಮಟಮಟ ಮಧ್ಯಾಹ್ನ, ಗಾಡಿ ತುಂಬ ಕುರಿಗಳಿರುವಾಗ ಅವನ ಇಂಜಿನ್ ಹಿಡಿದುಕೊಂಡು ನಿಂತುಬಿಟ್ಟಿತು. ನೆರಳಿಲ್ಲ, ನೀರಿಲ್ಲ. ಅವನೂ ಅವನ ಹೆಂಡತಿ ಉದ್ದವ್ವಳೂ ಕುರಿಗಳನ್ನು ಒಂದೊಂದಾಗಿ ಇಳಿಸಿ, ತಾವು ಕುಡಿಯಲು ತಂದಿದ್ದ ತುಸು ನೀರಿನಲ್ಲೇ ಸೀರೆಯ ಸೆರಗು ಒದ್ದೆ ಮಾಡಿ ಬಾಯಿ ಒರೆಸಿದರಂತೆ. ಆದರೂ ಕೆಲವು ಅಲ್ಲೇ ಸತ್ತವು. ಅವೂ ಅವರವಲ್ಲ, ಊರವರು ನಂಬಿ ಕೊಟ್ಟವು. ಕಂಪನಿಯವರು ಇಂಜಿನ್ ಬಿಚ್ಚಿದಾಗ ಒಳಗಿದ್ದ ಆಯಿಲ್ ಕಬ್ಬಿನ ಕಾಕಂಬಿಯಂತೆ ಅಂಟಾಗಿತ್ತು. ಪರೀಕ್ಷೆ ಮಾಡಿ, ಈ ಗಾಡಿಗೆ ಒಪ್ಪಿದ ಆಯಿಲ್ ಇದಲ್ಲ, ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಕಳಿಸಿಬಿಟ್ಟರು.

ಗಂಡಹೆಂಡತಿ ಅಂಗಡಿಗೆ ಬಂದಾಗ ನೀನು ಕೂತಲ್ಲಿಂದ ಏಳಲಿಲ್ಲ. ನಮ್ಮಲ್ಲಿ ಕೊಂಡದ್ದೇ ಅಲ್ಲ, ಎಲ್ಲೋ ಕಲಬೆರಕೆ ಹಾಕಿಸಿ ಇಲ್ಲಿಗೆ ಬಂದಿದ್ದಾರೆ ಅಂದೆ. ಅಷ್ಟಕ್ಕೇ ಬಿಡಲಿಲ್ಲ. “ಕುರಿ ಹಿಂದ ಅಡ್ಡಾಡವರಿಗೆ ಗಾಡಿ ಯಾಕ ಬೇಕು” ಎಂದು ಉದ್ದವ್ವಳ ಮುಂದೆ ಅಂದೆ. ಆಗ ನಾನು ಹೊರಗೆ ಬಂದು, ಇಲ್ಲೇ ಕೊಂಡರು, ನನ್ನ ಕಣ್ಣ ಮುಂದೆ ಕೊಂಡರು ಎಂದೆ. ನಿನ್ನ ಬಾಯಿಂದ ಬಂದದ್ದನ್ನು ನಿನ್ನ ಮಾತಿನಲ್ಲೇ ಬರೆಯುತ್ತೇನೆ, ಮರೆತಿದ್ದರೆ ಓದಿಕೋ: “ಗಂಡನ ಮನಿ ಮುರದ ಬಂದಾಕಿ, ಈಗ ಅಣ್ಣನ ಮನಿ ಮುರ್ಯಾಕ ಕುಂತಾಳ.”

ಆ ಕಡೆ ಗಿರಾಕಿಗಳು, ಈ ಕಡೆ ಹಮಾಲರು. ನನ್ನ ಬದುಕಿನ ಅತ್ಯಂತ ನೋವಿನ ಸಂಗತಿಯನ್ನು ನೀನು ಒಂದು ಡಬ್ಬಿ ಆಯಿಲ್ ಉಳಿಸಿಕೊಳ್ಳಲು ಬೀದಿಗೆ ಎಸೆದೆ.

ಆದರೂ, ಇದನ್ನು ಕೇಳು, ಆದರೂ ನಾನು ನಿನ್ನ ಪರವಾಗಿ ಒಂದು ನೆಪ ಹುಡುಕುತ್ತಿದ್ದೆ. ಡ್ರಮ್ಮು ಮಾರಿದವನು ನಿನಗೂ ಮೋಸ ಮಾಡಿರಬಹುದು, ನಿನ್ನ ಆಯಿಲ್ ಒಳ್ಳೆಯದೆಂದು ನೀನೂ ನಂಬಿರಬಹುದು ಎಂದು. ಆ ವಾರವೇ ಗ್ಯಾರೇಜಿನ ಮಹೇಶ ಫಿಲ್ಟರ್ ಒಯ್ಯಲು ಗೋದಾಮಿಗೆ ಬಂದಿದ್ದ. ನಿನ್ನ ಕಾರಿನ ಸರ್ವಿಸಿಗೆಂದು ನಾನು ನಮ್ಮ ಡಬ್ಬಿಯನ್ನೂ ಎತ್ತಿ ಕೊಡಹೋದೆ. ಅವನು ಸಂಕೋಚದಿಂದ ಹಿಂದೆ ಸರಿದ. “ಇದು ಬ್ಯಾಡ್ರಿ ಅಕ್ಕಾರ. ಅಣ್ಣಾರು ಅವರ ಗಾಡಿಗೆ ಇದನ್ನ ಹಾಕಬ್ಯಾಡ ಅಂದಾರ್ರಿ. ಮೊದಲಿಂದನೂ ಕಂಪನಿ ಒಪ್ಪಿಗಿ ಇದ್ದದ್ದನ್ನ ಹೊರಗಿಂದ ತರಸ್ತಾರ್ರಿ.”

ಅವನು ಹೋದ ಮೇಲೆ ನಾನು ಅಲ್ಲೇ ಡ್ರಮ್ಮಿನ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ. ಅಸಹ್ಯವಾಯಿತು. ನೀನೂ ಹಿಂದಿನ ಸಣ್ಣ ಅಕ್ಷರ ಓದುತ್ತಿದ್ದೆ ವೃಷಭ, ನಿನ್ನ ಸಲುವಾಗಿ ಮಾತ್ರ. ಅಂದು ಸಂಜೆಯೇ ನಾನು ಮನೆ ಬಿಟ್ಟೆ.

ಈಗ ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸ, ಹಿಂದಿನ ಓಣಿಯಲ್ಲಿ ಬಾಡಿಗೆಯ ಒಂದು ಖೋಲಿ. ಸಿದ್ರಾಯ ಬೆಳಗಾವಿಯ ಗ್ರಾಹಕರ ಆಯೋಗದಲ್ಲಿ ನಿನ್ನ ಮೇಲೆ ದೂರು ಕೊಟ್ಟಿರುವುದು, ನಾನು ಸಾಕ್ಷಿ ಹೇಳಲು ಒಪ್ಪಿರುವುದು ನಿನಗೆ ಗೊತ್ತು. ಅದಕ್ಕೇ ತಾನೆ ಅವ್ವನನ್ನು ಬಸ್ಸು ಹತ್ತಿಸಿ ನನ್ನ ಹತ್ತಿರ ಕಳಿಸಿದ್ದು? ಆ ಮಂಡಿನೋವಿನಲ್ಲಿ ಮೆಟ್ಟಿಲು ಹತ್ತಿ ಬಂದ ಅವ್ವ ನೀನು ಕಲಿಸಿದ್ದನ್ನೆಲ್ಲ ಹೇಳಿದಳು. ಮನೆತನದ ಮಾನ ಹೋಗುತ್ತದೆ, ಸಾಕ್ಷಿ ಹೇಳಬೇಡ, ಒಡಹುಟ್ಟಿದವನಿಗಿಂತ ಹೊರಗಿನವರು ಹೆಚ್ಚಾದರೇ? ನಾನು ವಾದ ಮಾಡಲಿಲ್ಲ. ಮಹೇಶ ಹೇಳಿದ್ದನ್ನಷ್ಟೇ ಹೇಳಿದೆ.

ಅವ್ವ, “ತನ್ನ ಗಾಡಿಗೆ ಹಾಕಲಿಲ್ಲೇನ?” ಎಂದಳು. ಇಲ್ಲ ಅಂದೆ. “ಖರೇನ?” ಖರೆ ಅಂದೆ. ನಾನು ಕೊಟ್ಟ ಚಹಾವನ್ನು ಪೂರ್ತಿ ಕುಡಿದು ಬಟ್ಟಲನ್ನು ತಾನೇ ತೊಳೆದಿಟ್ಟಳು. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದಾಗ ಅವಳು ಏಳಲಿಲ್ಲ. “ನಾ ಗೋಕಾಕಕ್ಕ ಹೋಗೂದಿಲ್ಲ. ನಿನ್ನ ಕೂಡ ಬೆಳಗಾಂವಿಗೆ ಬರ್ತೀನಿ” ಅಂದಳು.

ಅವ್ವ ಹುಷಾರಿಲ್ಲದೆ ಇಲ್ಲೇ ಉಳಿದಳೆಂದು ನೀನು ನೆಂಟರಿಗೆ ಹೇಳುತ್ತಿದ್ದೀಯಂತೆ. ಅವಳು ಆರಾಮಾಗಿದ್ದಾಳೆ. ಇದನ್ನು ಬರೆಯುವಾಗ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಿದ್ದಾಳೆ. ನಿನಗೆ ತಿಳಿಸಲು ಅವಳಲ್ಲಿ ಏನಾದರೂ ಮಾತಿದೆಯೇ ಎಂದು ಕೇಳಿದೆ. ಇಲ್ಲವೆಂದು ತಲೆಯಲ್ಲಾಡಿಸಿದಳು.

ಸೋಮವಾರ ವಿಚಾರಣೆ. ನಿನ್ನ ವಕೀಲ ನನ್ನ ಮುರಿದ ಮದುವೆಯ ಬಗ್ಗೆ ಕೇಳಲಿ, ನಾನು ಉತ್ತರ ಕೊಡುತ್ತೇನೆ. ಮುಂದಿನ ಸಾಲಿನಲ್ಲಿ ಅವ್ವ ಕೂತಿರುತ್ತಾಳೆ, ಉದ್ದವ್ವಳ ಪಕ್ಕದಲ್ಲಿ. ನಿನಗೆ ಧೈರ್ಯವಿದ್ದರೆ ಅವ್ವನ ಮುಖ ನೋಡಿಕೊಂಡು ಸುಳ್ಳು ಹೇಳು.

ನಿನಗೆ ಆಯುಷ್ಯವಿರಲಿ, ಆರೋಗ್ಯವಿರಲಿ. ಅದಕ್ಕಿಂತ ಹೆಚ್ಚಿನದನ್ನು ಹಾರೈಸಲು ನನ್ನಿಂದಾಗದು.

ನಿನ್ನ ಒಡಹುಟ್ಟಿದವಳು, ಅದು ನನ್ನ ಕೈಯಲ್ಲಿರಲಿಲ್ಲ,
ರೂಪಾಲಿ
ಮೂಡಲಗಿ