ಅವಳಿಗೆ ಇನ್ನು ಸಂದೇಶ ಕಳಿಸಬೇಡಿ

ಆಟದ ಕಚೇರಿಯ ಮೇಲ್ವಿಚಾರಕರಿಗೆ ನಮಸ್ಕಾರ.

ನಾನು ಹೊಟ್ಟೆಪಾಡಿಗೆ ದರ್ಜಿ. ಬಿಡುವಿನಲ್ಲಿ, ಫುಟ್‌ಬಾಲ್ ತಂಡ ನಡೆಸುವ ನಿಮ್ಮ ಆನ್‌ಲೈನ್ ಆಟವನ್ನು ಹೊಸಬರಿಗೆ ಕಲಿಸುತ್ತೇನೆ. ಆಟದ ಲೆಕ್ಕಾಚಾರಕ್ಕೆ ತಲೆಕೆಟ್ಟು ಅವರು ವಾರದೊಳಗೆ ಕೈಬಿಡುತ್ತಾರೆಂದು, 'ನಿಮಗಾಗಿ ಕಾಯುತ್ತಿದ್ದೇವೆ, ಬೇಗ ಬನ್ನಿ' ಎಂಬ ಸಂದೇಶವನ್ನು ದಿನವೂ ಕಳಿಸಲು ಹೇಳಿದವಳು ನಾನೇ.

ಹೋದ ತಿಂಗಳು ಸೇರಿದ ಹೆಣ್ಣುಮಗಳೊಬ್ಬಳು ಬಲು ಚುರುಕು. ಸೋತರೂ, "ಅಕ್ಕಾ, ನಮ್ಮ ಗೋಲ್‌ಕೀಪರ್ ನಿಂತಲ್ಲೇ ನಿದ್ದೆ ಹೊಡೀತಾನೆ!" ಎಂದು ನಗಿಸುತ್ತಿದ್ದಳು. ಆದರೆ ಸೋಮವಾರ ಹೀಗೆ ಬರೆದಳು: "ಅಕ್ಕಾ, ಆ ಮೆಸೇಜ್ ನಿಲ್ಸೋಕೆ ಹೇಳಿ. ಯಾರು ನಿಂಗೋಸ್ಕರ ಕಾಯ್ತಿರೋದು ಅಂತ ನಮ್ಮ ಮನೆಯವ್ರು ಕೇಳಿದ್ರು."

"ಆಟ ಅಂತ ಹೇಳ್ಬಿಡು," ಎಂದೆ.

"ಹೇಳ್ದೆ. ನಂಬ್ಲಿಲ್ಲ."

ಆಮೇಲೆ ಅವಳು ಬಂದಿಲ್ಲ. ಇಂದು ಬೆಳಿಗ್ಗೆ ಅವಳ ಖಾತೆಯಿಂದ ನನಗೊಂದು ಸಾಲು ಬಂತು: "ಯಾರೋ ನೀನು?"

ಅದು ಅವಳ ಮಾತಲ್ಲ. ನಾನು ಉತ್ತರಿಸಿಲ್ಲ. ಏನು ಬರೆದರೂ ಪೆಟ್ಟು ಅವಳಿಗೇ ಬೀಳಬಹುದು ಎಂದು ಜೀವ ಬಾಯಿಗೆ ಬಂದಿದೆ.

ಅವಳ ಖಾತೆಯ ವಿವರ ಇದರ ಜೊತೆಗಿದೆ; ದಯವಿಟ್ಟು ಅವಳಿಗೆ ಹೋಗುವ ಸಂದೇಶಗಳನ್ನು ಈಗಲೇ ನಿಲ್ಲಿಸಿ. ಇಂದಿನದು ಸಂಜೆ ಆರಕ್ಕೆ ಹೋಗುತ್ತದೆ. ಅವಳ ಗಂಡ ಮನೆಗೆ ಬರುವುದು ಐದೂವರೆಗೆ.

ಅವಸರದಲ್ಲಿ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಹೊಸಬರ ಅಕ್ಕ