ಹಿಂದಿನ ಜಗಲಿಯ ಬಿಸಿಲು

ಮನೆಯಿಂದ,
ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಅಕ್ಕರೆಯ ನೆನಪುಗಳು.

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಎಡಮಗ್ಗುಲಿಗೆ ಮಲಗು ಎಂದಿದ್ದೆ. ಮಲಗುತ್ತೀಯೋ, ಇಲ್ಲ ಹಳೆಯ ಅಭ್ಯಾಸದಂತೆ ಗಡಿಯಾರದ ಮುಳ್ಳಿನ ಹಾಗೆ ಹಾಸಿಗೆ ತುಂಬ ತಿರುಗುತ್ತೀಯೋ? ಒಳಗಿರುವುದು ಒದೆಯುತ್ತದೆ ಎಂದು ದೂರಬೇಡ, ನೀನೇನೂ ಕಡಿಮೆ ಒದ್ದವಳಲ್ಲ. ಹೆರಿಗೆಗೆ ನಿನ್ನನ್ನು ಇಲ್ಲಿಗೆ ಕರೆತರಲು ಅಳಿಯಂದಿರು ಮುಂದಿನ ವಾರಕ್ಕೆ ಟಿಕೆಟ್ ಮಾಡಿಸಿದ್ದಾರಂತೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿನ್ನ ಫೋನ್ ಬಂದ ಕೂಡಲೇ ಅಪ್ಪ ಸ್ಪೀಕರ್ ಹಾಕಿ, ನನ್ನನ್ನು ಕೇಳಿದ್ದಕ್ಕೂ ತಾವೇ ಉತ್ತರ ಕೊಟ್ಟುಬಿಡುತ್ತಾರೆ. ಈಗಲೂ ಎದುರಿಗೇ ಕೂತಿದ್ದಾರೆ. ಎದುರುಮನೆಯ ಟೈಲರ್ ಸಂಜೆಯ ಗಾಡಿಗೆ ನಿಮ್ಮ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕಳಿಸುವುದೆಂದು ತೀರ್ಮಾನ. ಕಳಿಸುವ ಮುಂಚೆ ಅಪ್ಪ ಒಮ್ಮೆ ಓದುತ್ತಾರಂತೆ. "ಎಲ್ಲಾ ಸರಿಹೋಗಿದೆ ಅಂತ ಮೊದ್ಲು ಬರಿ ಕಣೆ, ಹುಡುಗಿ ಹೆದರ್ಕೋತಾಳೆ" ಎನ್ನುತ್ತಿದ್ದಾರೆ. ಬರೆದೆ.

ಅಪ್ಪನ ಅಣುಸ್ಥಾವರದಲ್ಲಿ ವಿಕಿರಣ ಸೋರಿದ ದಿನ ಏನೇನಾಯಿತೆಂದು ನಿನಗೆ ಗೊತ್ತಿದೆ. ಕಿಟಕಿ ಮುಚ್ಚಿದೆವು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದೆವು, ಹೊರಗೆ ಹೋಗಿದ್ದ ನಾನು ಉಟ್ಟ ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ತಲೆಗೆ ನೀರು ಹುಯ್ದುಕೊಂಡೆ. ಹೊರಗೆ ಕಾಲಿಡದ ಅಷ್ಟೂ ದಿನ ಡಬ್ಬಿಯಲ್ಲಿದ್ದದ್ದನ್ನೇ ತಿಂದು, ಒಳಗಿನ ಕೋಣೆಯಲ್ಲಿ ಕೂತು ಕವಿತೆ ಓದಿದೆ. ಕಣ್ಣಿಗೆ ಕಾಣದ್ದರ ಬಗ್ಗೆ ಬರೆದ ಸಾಲುಗಳನ್ನು ಇಷ್ಟು ವರ್ಷ ಮೆಚ್ಚಿ ಗೆರೆ ಎಳೆದವಳು ನಾನು. ಈಗ ಅದೇ ಸಾಲುಗಳ ಮೇಲೆ ಬೆರಳಾಡಿಸಿ, ಬೆರಳಿಗೆ ಏನಾದರೂ ಅಂಟಿತೇ ಎಂದು ನೋಡಿಕೊಳ್ಳುತ್ತೇನೆ. ಆಮೇಲೆ ಒಂದು ವ್ಯಾನು ಬಂದು, ಇನ್ನು ಹಾಲು ಕುಡಿಯಬಹುದು, ಸೊಪ್ಪು ತಿನ್ನಬಹುದು ಎಂದು ಸಾರಿಕೊಂಡು ಹೋಯಿತು. ಒಳ್ಳೆಯ ಸುದ್ದಿಯೇ. ಆದರೆ ಈ ಸೆಕೆಯಲ್ಲೂ ವ್ಯಾನಿನ ಗಾಜು ಪೂರ್ತಿ ಏರಿಸಿತ್ತು, ಚಾಲಕ ಮೂಗಿನ ತನಕ ಮುಖವಾಡ ಹಾಕಿದ್ದ. ಇದನ್ನು ಹೇಳಿದ್ದಕ್ಕೆ ಅಪ್ಪ ನನಗೆ ಪತ್ತೇದಾರಿ ಎಂದು ಹೆಸರಿಟ್ಟಿದ್ದಾರೆ. ಸಾರಿನಲ್ಲಿ ಉಪ್ಪು ಹೆಚ್ಚಾದರೂ "ಪತ್ತೇದಾರಿಯವರು ತನಿಖೆ ಮಾಡ್ಬೇಕು" ಎನ್ನುತ್ತಾರೆ.

ಅಯೋಡಿನ್ ಮಾತ್ರೆ ಹಂಚಿದಾಗಲೂ ಹೀಗೇ. ನನಗೆ ಕೊಡದಿದ್ದಾಗ, ಇವರಿಗೆ ಮಾತ್ರೆ ಸಾಲದೆ ಬಂದಿದೆ ಎಂದುಕೊಂಡೆ. ಆರೋಗ್ಯ ಕೇಂದ್ರದ ನರ್ಸ್ ಬಿಡಿಸಿ ಹೇಳಿದಳು: ಅದು ಗಂಟಲಿನ ಗ್ರಂಥಿಯನ್ನು ಮಾತ್ರ ಕಾಯುತ್ತದೆ, ಮೈಗೆಲ್ಲ ಗುರಾಣಿಯಲ್ಲ, ಮಕ್ಕಳಿಗೂ ಬಸುರಿಯರಿಗೂ ಮೊದಲು, ನಲವತ್ತು ದಾಟಿದವರಿಗೆ ಅದರಿಂದ ಉಪಯೋಗ ಕಡಿಮೆ. ಟೈಲರ್ ಸುಮ್ಮನಿರದೆ ಗಾಯಕ್ಕೆ ಹಚ್ಚುವ ಟಿಂಚರನ್ನೇ ಕುತ್ತಿಗೆಗೆಲ್ಲ ಬಳಿದುಕೊಂಡು ಬಂದಿದ್ದ. "ಹೊಲಿಯೋದು ಬಿಟ್ಟು ಬಣ್ಣ ಹಾಕೋಕೆ ಶುರು ಮಾಡಿದ್ರಾ?" ಎಂದಳು ನರ್ಸ್. ಕತ್ತಿನಲ್ಲಿ ಇನ್ನೂ ಕಂದು ಕಲೆ ಇದೆ. ಕಾಗದ ಕೊಡುವಾಗ ನಗಬೇಡ.

ಅಪ್ಪನ ಬ್ಯಾಡ್ಜಿನ ಕಥೆ ಕೇಳು. ಸ್ಥಾವರದೊಳಗೆ ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಮೈಗೆ ಎಷ್ಟು ವಿಕಿರಣ ತಾಗಿತೆಂದು ಅಳೆಯುವ ಫಿಲ್ಮಿನ ಬ್ಯಾಡ್ಜು, ಅದನ್ನು ಹೊರಡುವಾಗ ಗೇಟಿನ ಹಲಗೆಗೆ ತೂಗುಹಾಕಿ ಬರಬೇಕು. ಸೋರಿಕೆಯ ಹಿಂದಿನ ದಿನ ಅಪ್ಪನ ಮೊಣಕಾಲು ಉಳುಕಿ, ಜತೆಯ ಫಿಟ್ಟರುಗಳು ಎತ್ತಿ ಕಾರಿಗೆ ಹಾಕುವ ಗಡಿಬಿಡಿಯಲ್ಲಿ ಬ್ಯಾಡ್ಜು ಅಂಗಿಯಲ್ಲೇ ಮನೆಗೆ ಬಂತು. ಅಂಗಿ ಹಿಂದಿನ ಜಗಲಿಯ ಗೂಟಕ್ಕೆ ಹೋಯಿತು, ಅಪ್ಪ ಮಂಚಕ್ಕೆ. ರಜೆ ಮುಗಿಯುವ ತನಕ ಇಬ್ಬರೂ ಅಲುಗಲಿಲ್ಲ. ತಿಂಗಳ ಕೊನೆಗೆ ಅಳತೆಗೆ ಕೊಟ್ಟರೆ, ಸೋರಿದ ಕೊಳವೆ ಮುಚ್ಚಲು ಒಳಗೆ ಹೋದವರ ಬ್ಯಾಡ್ಜಿಗಿಂತ ಅಪ್ಪನದರಲ್ಲೇ ಅಂಕಿ ಹೆಚ್ಚು. ಮೇಲ್ವಿಚಾರಕ ನಗುತ್ತ, "ಏನಪ್ಪಾ, ಯಾವ ಮೂಲೆಗೆ ನುಗ್ಗಿದ್ದೆ ನೀನು?" ಎಂದನಂತೆ. "ಮಂಚ ಬಿಟ್ಟು ಇಳಿದಿಲ್ಲ ಸಾರ್, ಇದು ಜಗಲೀಲಿ ನೇತಾಡ್ತಿತ್ತು" ಎಂದರಂತೆ ಅಪ್ಪ. ಅವನ ನಗು ನಿಂತಿತು. ಮರುದಿನ, ಬಿಸಿಲಿನ ಕಾವಿಗೆ ಫಿಲ್ಮು ಕೆಟ್ಟಿದೆ ಎಂದು ಹೇಳಿ ಹೊಸ ಬ್ಯಾಡ್ಜು ಕೊಟ್ಟರು. ಅಪ್ಪನಿಗೆ ಸಮಾಧಾನವಾಗಿದೆ. ಮೂವತ್ತು ವರ್ಷ ದುಡಿದ ಜಾಗವನ್ನು ನಂಬದೆ ಅವರು ಇನ್ಯಾರನ್ನು ನಂಬಬೇಕು, ಪಾಪ.

ಮೊಣಕಾಲು ಸುಧಾರಿಸಿದ ಮೇಲೆ ಅವರ ಸಂಭ್ರಮ ನೋಡಬೇಕು. ಮೊಮ್ಮಗುವಿಗೆಂದು ಪುಟ್ಟ ಅಂಗಿ, ಟೊಪ್ಪಿಗೆ, ಹಾಸುವ ಬಟ್ಟೆ ಎಲ್ಲ ತಂದು ತಾವೇ ಒಗೆದರು. ತಾರಸಿಯಲ್ಲಿ ಧೂಳು ಕೂರುತ್ತದೆ ಎಂದು ಹಿಂದಿನ ಜಗಲಿಯಲ್ಲೇ ಹರವಿದರು. ಆ ಜಗಲಿ ಗೊತ್ತಲ್ಲ, ನಿನ್ನ ಶಾಲೆಯ ಕಾಲುಚೀಲ ಅಲ್ಲಿ ದಿನಗಟ್ಟಲೆ ಒಣಗದೆ, ನೀನು ಹಸಿಯದನ್ನೇ ಹಾಕಿಕೊಂಡು ಅಳುತ್ತ ಹೋಗುತ್ತಿದ್ದೆ. ಈ ಅಂಗಿಗಳದೂ ಅದೇ ಪಾಡು. ಕೊನೆಗೆ ಇಸ್ತ್ರಿ ಮಾಡಿ, ಶುಕ್ರವಾರ ನಿನಗೆ ಪಾರ್ಸೆಲ್ ಮಾಡಿಯೂ ಆಯಿತು. ತೊಟ್ಟಿಲು ಅದೇ ಜಗಲಿಯಲ್ಲಂತೆ, ಗಾಳಿ ಚೆನ್ನಾಗಿ ಆಡುತ್ತದಂತೆ. ಕೊಂಡಿಗೆ ಎಣ್ಣೆ ಬಿಟ್ಟಿದ್ದಾರೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಹೊಟ್ಟೆ ತಣ್ಣಗಿರಲಿ, ಒಳಗಿರುವ ಜೀವ ಗಟ್ಟಿಯಾಗಿ ಅತ್ತು ಹೊರಗೆ ಬರಲಿ.

ನಿನ್ನ
ಅಮ್ಮ

ಮರೆತ ಮಾತು: ಅಪ್ಪ ಓದಿ, "ಪರವಾಗಿಲ್ಲ" ಎಂದು ಹೇಳಿ ಅಂಟು ತರಲು ಟೈಲರ್ ಮನೆಗೆ ಹೋಗಿದ್ದಾರೆ. ಗುಬ್ಬಿ, ಬಿಸಿಲಿಗೆ ಬ್ಯಾಡ್ಜು ಕೆಟ್ಟಿತೆನ್ನುತ್ತಾರೆ. ನಿನ್ನ ಕಾಲುಚೀಲವನ್ನೇ ಒಣಗಿಸಲಾರದ ಜಗಲಿಗೆ ಎಲ್ಲಿಯ ಬಿಸಿಲು? ಟಿಕೆಟ್ ರದ್ದು ಮಾಡಿಸು. ಅಪ್ಪ ಎಷ್ಟು ಕರೆದರೂ ಬರಬೇಡ. ಪಾರ್ಸೆಲ್ ಬಂದರೆ ನೀನು ಮುಟ್ಟಬೇಡ, ಬಿಚ್ಚಬೇಡ, ಮನೆಯೊಳಗೆ ತರಿಸಬೇಡ. ಅಳಿಯಂದಿರು ಕೈಗವಸು ಹಾಕಿಕೊಂಡು ಅದನ್ನು ಒಂದು ಚೀಲದಲ್ಲಿ ಕಟ್ಟಿ ಹೊರಗೇ ಇಟ್ಟು, ಅಲ್ಲಿನ ಅಗ್ನಿಶಾಮಕದವರಿಗೆ ವಿಷಯ ತಿಳಿಸಲಿ, ಆಮೇಲೆ ಕೈ ತೊಳೆಯಲಿ. ಹೆರಿಗೆಗೆ ನಾನೇ ಬರುತ್ತೇನೆ. ನಾನು ಬಾಗಿಲಲ್ಲೇ ಬಟ್ಟೆ ಬದಲಿಸಿ, ತಲೆಗೆ ಸ್ನಾನ ಮಾಡುವ ತನಕ ಓಡಿ ಬಂದು ತಬ್ಬಿಕೊಳ್ಳಬೇಡ. ಅಪ್ಪನಿಗೆ ನಾನು ಹೇಳುತ್ತೇನೆ, ಹೇಗೆಂದು ಇನ್ನೂ ತಿಳಿದಿಲ್ಲ. ಗೇಟಿನ ಸದ್ದಾಯಿತು.