ಒಲೆ ಮುಂದೆ ನಿಂತವರಿಗೆ ಚಪ್ಪಾಳೆ

ರೊಸಾರಿಯೊ
ಆಗಸ್ಟ್ 12, ಮಂಗಳವಾರ

ನನ್ನ ಮುದ್ದಿನ ಗ್ರಸಿಯೆಲಾ,

ಮೆಂದೋಸಾದ ಚಳಿಯಲ್ಲಿ ನೀನೂ ಮಗುವೂ ಬೆಚ್ಚಗಿದ್ದೀರೆಂದುಕೊಂಡಿದ್ದೇನೆ. ಅಪ್ಪನ ಹುಟ್ಟುಹಬ್ಬ ಹೇಗಾಯಿತೆಂದು ನೀನು ಫೋನಿನಲ್ಲಿ ಕೇಳಿದಾಗ ಚೆನ್ನಾಗಾಯಿತು ಅಂದೆನಲ್ಲ, ಅದು ಸುಳ್ಳು. ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ.

ಹೋದ ತಿಂಗಳು ಮನೆಯ ಅಸಾದೊ ಊಟದಲ್ಲಿ, ನಿಮ್ಮಪ್ಪ ಕೆಂಡದ ಮೇಲಿಟ್ಟ ಪಕ್ಕೆಲುಬಿನ ಮಾಂಸ ಹಸಿಯಾಗಿಯೇ ತಟ್ಟೆಗೆ ಬಂದದ್ದು ನಿನಗೆ ಗೊತ್ತಿದೆ. ನಿನ್ನ ಚಿಕ್ಕಮ್ಮ ಒಫೆಲಿಯಾ ತನ್ನ ಬೀಗರ ಮುಂದೆಯೇ, "ಏನ್ ಭಾವ, ಹಸು ಇನ್ನೂ ಅಂಬಾ ಅಂತಿದೆಯಲ್ಲ" ಅಂದಳು. ನಿಮ್ಮಪ್ಪ, "ವಯಸ್ಸಾಯ್ತು ಕಣಮ್ಮ, ಕೈ ಸೋತಿದೆ" ಎಂದು ನಕ್ಕುಬಿಟ್ಟರು. ಮರುದಿನವೇ, ಅಂಗಳದಲ್ಲಿರುವ ಮಾಂಸ ಸುಡುವ ಜಾಲರಿಯನ್ನು ಪಕ್ಕದ ಮನೆಯ ರುಫೀನೊಗೆ ಕೊಡುತ್ತೇನೆಂದು ಮಾತು ಕೊಟ್ಟರು. ಈ ಶನಿವಾರ ಅವನು ಬಂದು ಒಯ್ಯುತ್ತಾನೆ. ಭಾನುವಾರ ಒಲೆ ಹಚ್ಚದೆ ಈ ಮನುಷ್ಯ ಹೇಗೆ ಬದುಕುತ್ತಾರೋ ನನಗೆ ತಿಳಿಯದು.

ಹುಟ್ಟುಹಬ್ಬಕ್ಕೆ ಒಫೆಲಿಯಾ, "ಈ ಸಲ ಹೋಟೆಲಿಗೇ ಹೋಗೋಣ, ನಮ್ಮ ಹಲ್ಲಾದ್ರೂ ಉಳೀಲಿ" ಅಂದಳು. ನಾನು ಹೂಂ ಅಂದೆ. ನದಿ ದಂಡೆಯ ದೊಡ್ಡ ಸ್ಟೇಕ್ ಹೋಟೆಲಿನಲ್ಲಿ ನಿಮ್ಮಪ್ಪ ಒಲೆಗೆ ಬೆನ್ನು ಹಾಕಿ ಕೂತರು. ಮಾಂಸ ಬೆಣ್ಣೆಯ ಹಾಗೆ ಬೆಂದಿತ್ತು.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಮೊದಲ ತುತ್ತು ಇಳಿದ ಕೂಡಲೇ, ಮನೆಯಲ್ಲಿ ಪ್ರತಿ ಭಾನುವಾರ ನಿಮ್ಮಪ್ಪನಿಗೆ ಕೂಗುವ ಹಾಗೆಯೇ, ಗ್ಲಾಸು ಎತ್ತಿ, "ಒಲೆ ಮುಂದೆ ನಿಂತವರಿಗೆ ಒಂದು ಚಪ್ಪಾಳೆ" ಎಂದು ಕೂಗಿಬಿಟ್ಟೆ. ಪಕ್ಕದ ಮೇಜಿನವರೂ ತಟ್ಟಿದರು. ನಿಮ್ಮಪ್ಪ ಎದ್ದು ನಿಂತರು. ಟೋಪಿ ಇಲ್ಲದ ತಲೆಗೆ ಕೈ ಒಯ್ದು, ಮನೆಯಲ್ಲಿ ಮಾಡುವಂತೆಯೇ ಬಾಗಿದರು. ಅವರ ಹಿಂದೆ, ಒಲೆಯ ಬಳಿ, ಮಾಂಸ ಸುಟ್ಟ ಹೋಟೆಲಿನವನೂ ಬಾಗುತ್ತಿದ್ದ. ಎಲ್ಲರ ಕಣ್ಣು ಎತ್ತ ಹೋಗಿದೆಯೆಂದು ಕಂಡು ನಿಮ್ಮಪ್ಪ ಮೆಲ್ಲಗೆ ಕೂತರು. ತಿರುಗಿ ತಾವೂ ಅವನಿಗೆ ಚಪ್ಪಾಳೆ ತಟ್ಟಿದರು. ಒಫೆಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಮಗಳೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿದ್ದು ಆಮೇಲೆ. ಮೊದಲು ನಕ್ಕೆ.

ವಾಪಸು ಬರುವಾಗ ಅವರು, "ಚೆನ್ನಾಗಿ ಬೇಯಿಸಿದ್ದ. ಆತುರ ಪಡೋನಲ್ಲ" ಎಂದಷ್ಟೇ ಹೇಳಿದರು.

ಜಾಲರಿ ಕೊಡಬೇಡಿ ಎಂದು ನೀನೇ ಅವರಿಗೆ ಹೇಳು. ನನಗೆ ಹೇಳಲು ಮುಖವಿಲ್ಲ.

ನಿನ್ನ ಅಮ್ಮ,
ನೆಲಿದಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಹೋದ ತಿಂಗಳು ಆವತ್ತು ನಿಮ್ಮಪ್ಪ ಸೌದೆ ತರಲು ಹಿತ್ತಿಲಿಗೆ ಹೋಗಿದ್ದಾಗ, ಬೀಗರು ಹಸಿದು ಕೂತಿದ್ದಾರೆಂದು ನಾನೇ ಮಾಂಸ ಇಳಿಸಿ ಬಡಿಸಿದೆ. ಒಬ್ಬರು ಹಚ್ಚಿದ ಒಲೆಗೆ ಇನ್ನೊಬ್ಬರು ಕೈ ಹಾಕಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವರು ಬಂದು ಬರಿದಾದ ಜಾಲರಿ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಒಫೆಲಿಯಾಗೆ ಕೈ ಸೋತಿದೆ ಅಂದರು. ಅವಳಿಗೆ ನಿಜ ಹೇಳಿಬಿಡಲೇ ಎಂದು ಇವತ್ತು ಕೇಳಿದೆ. "ಬೇಡ ಬಿಡೆ, ಅವಳು ಸಾಯೋವರೆಗೂ ನಿನ್ನ ಆಡ್ಕೊಂಡು ನಗ್ತಾಳೆ" ಅಂದರು. ಈಗ ಅಂಗಳದಲ್ಲಿ ಕೂತು ಜಾಲರಿಯ ಮಸಿ ಉಜ್ಜುತ್ತಿದ್ದಾರೆ, ರುಫೀನೊಗೆ ಕೊಳಕಾಗಿ ಕೊಡಬಾರದಂತೆ. ಬೇಡ ಅಂದರಲ್ಲ, ಅದನ್ನೇ ನೆಪ ಮಾಡಿಕೊಂಡು ನಾನು ಸುಮ್ಮನಿದ್ದೇನೆ.